ಕಾರ್ಡಿನ ಮಿತಿ, ಶ್ರಾವಕನ ಮಿತಿ

ಗೃಹಸ್ಥನಾದ ಶ್ರಾವಕನಿಗೆ ಧನಾರ್ಜನೆ ನಿಷಿದ್ಧವಲ್ಲ. ಹೊಲ, ಅಂಗಡಿ, ನೌಕರಿ, ವ್ಯಾಪಾರ ಇವೆಲ್ಲವೂ ಸಂಸಾರದ ನಿರ್ವಾಹಕ್ಕೆ ಅವಶ್ಯವೆಂದು ಆಚಾರ್ಯರು ಒಪ್ಪಿದ್ದಾರೆ. ಆದರೆ ಅದಕ್ಕೆ ಎರಡು ಕಟ್ಟುಗಳನ್ನೂ ಹಾಕಿದ್ದಾರೆ. ಗಳಿಕೆಯು ನ್ಯಾಯದಿಂದ ಬಂದಿರಬೇಕು. ಸಂಗ್ರಹಕ್ಕೆ ತಾನಾಗಿ ಹಾಕಿಕೊಂಡ ಒಂದು ಅಳತೆ ಇರಬೇಕು. ಹೇಮಚಂದ್ರಾಚಾರ್ಯರು ತಮ್ಮ ‘ಯೋಗಶಾಸ್ತ್ರ’ದಲ್ಲಿ ಶ್ರಾವಕಧರ್ಮಕ್ಕೆ ಯೋಗ್ಯನಾದವನ 35 ಗುಣಗಳನ್ನು ಎಣಿಸುವಾಗ ನ್ಯಾಯಾರ್ಜಿತ ಸಂಪತ್ತನ್ನು ಮೊದಲನೆಯದಾಗಿ ಇಟ್ಟಿದ್ದಾರೆ, ಆದಾಯಕ್ಕೆ ತಕ್ಕ ವೆಚ್ಚವನ್ನೂ ಆ ಗುಣಗಳ ಸಾಲಿನಲ್ಲಿ ಸೇರಿಸಿದ್ದಾರೆ. ಈ ಕಟ್ಟುಗಳು ಅಂಗೈಯಲ್ಲಿ ಹಿಡಿಯುವ ಒಂದು ಪ್ಲಾಸ್ಟಿಕ್ ಕಾರ್ಡಿಗೂ ಅನ್ವಯಿಸುತ್ತವೆಯೇ ಎಂಬ ಪ್ರಶ್ನೆ ಹುಬ್ಬಳ್ಳಿಯ ಒಂದು ಜೈನ ಕುಟುಂಬದ ಎದುರು ಕೆಲವು ವರ್ಷಗಳ ಕಾಲ ನಿಂತಿತ್ತು.

ಆ ಮನೆಯ ಹಿರಿಯರಿಗೆ ದಾಜಿಬಾನ ಪೇಟೆಯಲ್ಲಿ ಪಾತ್ರೆಗಳ ಅಂಗಡಿ. ಧಾರವಾಡದ ಸಮೀಪದ ಗ್ರಾಮವೊಂದರಲ್ಲಿ ಅವರ ಮನೆತನದ ಹಳೆಯ ಬಸದಿಯಿದ್ದು, ಅದರ ಟ್ರಸ್ಟಿನ ಖಜಾಂಚಿಯ ಹೊಣೆ ಇಪ್ಪತ್ತು ವರ್ಷಗಳಿಂದ ಅವರ ಮೇಲೆಯೇ ಇದೆ. ಅಂಗಡಿಯ ಕಿರ್ದಿ, ಬಸದಿಯ ಕಿರ್ದಿ ಎರಡನ್ನೂ ಅವರು ಸ್ವಹಸ್ತದಿಂದ ಬರೆಯುತ್ತಾರೆ. ಎರಡೂ ಪುಸ್ತಕಗಳನ್ನು ಒಂದೇ ಕಪಾಟಿನಲ್ಲಿ ಇಡುವುದಿಲ್ಲ. ಸಾಲ ಮಾಡಿ ಸರಕು ತಂದವರಲ್ಲ, ಉದ್ರಿ ಮಾರಿ ತಗಾದೆಗೆ ಅಲೆದವರಲ್ಲ. ಸಾಲವಿಲ್ಲದ ಮನೆ ಎಂಬುದು ಅವರ ಅಭಿಮಾನವಾಗಿತ್ತು.

ಅವರ ಮಗ ಎಂಜಿನಿಯರಿಂಗ್ ಮುಗಿಸಿ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ. 2019ರಲ್ಲಿ ಸಣ್ಣದೊಂದು ಮನೆ ಕೊಳ್ಳುವ ವಿಚಾರ ಬಂದಾಗ ಬ್ಯಾಂಕಿಗೆ ಅರ್ಜಿ ಹಾಕಿದ. ಸಂಬಳದ ದಾಖಲೆ ಸರಿಯಾಗಿತ್ತು, ತಂದೆಯ ಹೆಸರು ಪೇಟೆಯಲ್ಲಿ ದೊಡ್ಡದಾಗಿತ್ತು. ಆದರೂ ಅರ್ಜಿ ಮುಂದೆ ಹೋಗಲಿಲ್ಲ. ಎಂದೂ ಸಾಲ ಪಡೆಯದ ಅವನ ಬಗ್ಗೆ ಸಾಲದ ದಾಖಲೆ ಇಡುವ ಸಂಸ್ಥೆಗಳಲ್ಲಿ ಒಂದು ಸಾಲೂ ಇರಲಿಲ್ಲ. ಮನೆಗೆ ಬಂದು ಅವನು ಹೇಳಿದ: “ಅಪ್ಪಾಜಿ, ಸಾಲಾ ಮಾಡಿ ತೀರ್ಸಿದವರ ಗುರ್ತು ಬ್ಯಾಂಕಿಗೆ ಐತಿ. ಸಾಲಾನ ಮಾಡದವರ ಗುರ್ತು ಇಲ್ಲಂತ.” ಹಿರಿಯರಿಗೆ ಇದು ಅವಮಾನದಂತೆ ತೋರಿತು. ಮೂವತ್ತೈದು ವರ್ಷ ಒಬ್ಬರ ದುಡ್ಡನ್ನೂ ಉಳಿಸಿಕೊಳ್ಳದೆ ಬಾಳಿದ್ದಕ್ಕೆ ಇದೇ ಫಲವೇ ಎಂದು ಅವರು ನೊಂದುಕೊಂಡರು.

ನೋವು ಸಹಜವಾದರೂ ವ್ಯವಸ್ಥೆಯನ್ನು ತಿಳಿದುಕೊಳ್ಳುವುದು ಅವಶ್ಯ. ಭಾರತದಲ್ಲಿ ಸಾಲಗಾರರ ಮಾಹಿತಿಯನ್ನು ಒಂದೆಡೆ ಕ್ರೋಡೀಕರಿಸುವ ಮೊದಲ ಸಂಸ್ಥೆಯಾದ ಸಿಬಿಲ್ 2000ದಲ್ಲಿ ಸ್ಥಾಪನೆಯಾಯಿತು. ಇಂತಹ ಸಂಸ್ಥೆಗಳನ್ನು ಕ್ರಮಬದ್ಧಗೊಳಿಸುವ ಕಾಯ್ದೆ 2005ರಲ್ಲಿ ಬಂದಿತು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕು ಈ ಕಾರ್ಯಕ್ಕೆ ಅನುಮತಿ ನೀಡಿದೆ. ಸಿಬಿಲ್ ಅಂಕವು 300ರಿಂದ 900ರವರೆಗೆ ಇರುತ್ತದೆ. ಕಂತು ಮತ್ತು ಬಿಲ್ಲುಗಳನ್ನು ವೇಳೆಗೆ ಸರಿಯಾಗಿ ಕಟ್ಟಿದ್ದಾರೆಯೇ, ಕೊಟ್ಟ ಮಿತಿಯಲ್ಲಿ ಎಷ್ಟು ಪಾಲನ್ನು ಬಳಸಿದ್ದಾರೆ, ಖಾತೆಗಳು ಎಷ್ಟು ಹಳೆಯವು, ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಿದ್ದಾರೆ ಎಂಬ ಸಂಗತಿಗಳಿಂದ ಆ ಅಂಕ ಹುಟ್ಟುತ್ತದೆ. ಮನೆಯಲ್ಲಿ ಎಷ್ಟು ಬಂಗಾರವಿದೆ, ಬ್ಯಾಂಕಿನಲ್ಲಿ ಎಷ್ಟು ಠೇವಣಿಯಿದೆ ಎಂಬುದು ಅದಕ್ಕೆ ತಿಳಿಯದು. ಮೊದಲ ಬಾರಿಗೆ ಸಾಲ ಕೇಳುವವರ ಅರ್ಜಿಯನ್ನು ಹಿಂದಿನ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದೆಂದು ಕೇಂದ್ರ ಸರ್ಕಾರ 2025ರಲ್ಲಿ ಸಂಸತ್ತಿನಲ್ಲಿ ಸ್ಪಷ್ಟಪಡಿಸಿತು. 2019ರಲ್ಲಿ ಆ ಆಧಾರ ಈ ತರುಣನಿಗೆ ಇರಲಿಲ್ಲ.

ಧಾರವಾಡ ಸೀಮೆಗೆ ಈ ವಿಚಾರ ಹೊಸದಲ್ಲ. ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದು ಇಂದು ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ‘ಪತ್ತು’ ಎಂಬ ಆ ಮಾತಿನಲ್ಲಿ ಸಾಲವೂ ಇದೆ, ನಂಬಿಕೆಯೂ ಇದೆ. ಒಬ್ಬನ ಪತ್ತು ಎಷ್ಟೆಂಬುದನ್ನು ಆ ಕಾಲದಲ್ಲಿ ಊರಿನವರೇ ಬಲ್ಲವರಾಗಿದ್ದರು. ಇಂದು ಸಾಲ ಕೊಡುವವನು ಪಡೆಯುವವನ ಮುಖ ನೋಡುವುದಿಲ್ಲ. ಆದುದರಿಂದ ದಾಖಲೆಯನ್ನು ನೋಡುತ್ತಾನೆ. ಇದನ್ನು ಬ್ಯಾಂಕಿನ ಗೆಳೆಯರೊಬ್ಬರು ವಿವರಿಸಿದಾಗ ಹಿರಿಯರ ಮನಸ್ಸು ಸ್ವಲ್ಪ ಹಗುರಾಯಿತು. “ಅಂದ್ರ ಇದು ನಮ್ಮ ಪೇಟಿ ಪತ್ತನ, ಬರದಿಡೂ ರೀತಿ ಅಷ್ಟ ಬ್ಯಾರೆ” ಎಂದರು.

ಆ ಗೆಳೆಯರ ಸಲಹೆಯಂತೆ ಮಗ 50,000 ರೂಪಾಯಿಗಳ ನಿಶ್ಚಿತ ಠೇವಣಿಯಿಟ್ಟು, ಅದರ ಆಧಾರದ ಮೇಲೆ 40,000 ರೂಪಾಯಿ ಮಿತಿಯ ಒಂದು ಕ್ರೆಡಿಟ್ ಕಾರ್ಡ್ ಪಡೆದ. ದಾಖಲೆಯಿಲ್ಲದವರಿಗೆ ಇದು ಸುಲಭವಾದ ದಾರಿ. ವಿದ್ಯುತ್ ಬಿಲ್ಲು, ದಿನಸಿ, ಔಷಧಿ ಎಂದು ಹೇಗೂ ಆಗುವ ವೆಚ್ಚಗಳನ್ನೇ ಅದರಿಂದ ಮಾಡಿದ. ಮಿತಿಯ ಕಾಲುಭಾಗವನ್ನು ದಾಟಲಿಲ್ಲ. ಪ್ರತಿ ತಿಂಗಳ ಬಿಲ್ಲು ಪೂರ್ಣವಾಗಿ ತನ್ನ ಖಾತೆಯಿಂದ ತಾನೇ ಸಂದಾಯವಾಗುವಂತೆ ವ್ಯವಸ್ಥೆ ಮಾಡಿದ. ವರ್ಷಕ್ಕೊಮ್ಮೆ ಪ್ರತಿಯೊಂದು ಸಂಸ್ಥೆಯಿಂದ ಉಚಿತವಾಗಿ ದೊರೆಯುವ ಪೂರ್ಣ ವರದಿಯನ್ನು ತರಿಸಿ ತಪ್ಪುಗಳಿಲ್ಲವೆಂದು ಖಚಿತಪಡಿಸಿಕೊಂಡ. ಎರಡು ವರ್ಷಗಳಲ್ಲಿ ಅವನ ಅಂಕ 750ನ್ನು ಮೀರಿತು. ಸಂಯಮಕ್ಕೆ ಬ್ಯಾಂಕೂ ಬೆಲೆ ಕೊಡುತ್ತದೆಂದು ಹಿರಿಯರು ಆಶ್ಚರ್ಯಪಟ್ಟರು.

ತೊಡಕು ಆರಂಭವಾದುದು ಅನಂತರ. 2022ರಲ್ಲಿ ಇನ್ನೊಂದು ಕಾರ್ಡ್ ಬಂದಿತು. ಅದರ ಮಿತಿ 2,00,000 ರೂಪಾಯಿ. ನೂರು ರೂಪಾಯಿ ಖರ್ಚಿಗೆ ಒಂದು ರೂಪಾಯಿ ಬೆಲೆಯ ರಿವಾರ್ಡ್ ಪಾಯಿಂಟು. ವರ್ಷದಲ್ಲಿ 4,00,000 ರೂಪಾಯಿ ಖರ್ಚು ಮುಟ್ಟಿಸಿದರೆ 5,000 ರೂಪಾಯಿಯ ಉಡುಗೊರೆ ಚೀಟಿ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಒಂದೇ ಕಾರ್ಡಿನಲ್ಲಿ ಎರಡು ಗುರುಗಳು ಕುಳಿತಿದ್ದಾರೆ. ಅಂಕವು ‘ಕಡಿಮೆ ಬಳಸು, ಪೂರ್ಣ ತೀರಿಸು’ ಎಂದು ಹೇಳುತ್ತದೆ. ಪಾಯಿಂಟು ‘ಇನ್ನಷ್ಟು ಖರ್ಚು ಮಾಡು’ ಎಂದು ಹೇಳುತ್ತದೆ. ಯಾರ ಮಾತು ಕೇಳಬೇಕೆಂಬುದನ್ನು ಕಾರ್ಡು ತಿಳಿಸುವುದಿಲ್ಲ.

ಆ ವರ್ಷದ ದಸರೆ ದೀಪಾವಳಿಗಳ ನಡುವೆ ಮಗ ರಿಯಾಯಿತಿ ಮಾರಾಟಗಳಲ್ಲಿ 60,000 ರೂಪಾಯಿ ಖರ್ಚು ಮಾಡಿದ. ಬಿಲ್ಲು ಬಂದಾಗ ಖಾತೆಯಲ್ಲಿ ಅಷ್ಟು ಹಣವಿರಲಿಲ್ಲ. ಬಿಲ್ಲಿನ ಮೇಲೆಯೇ ‘ಕನಿಷ್ಠ ಪಾವತಿ 3,000 ರೂಪಾಯಿ’ ಎಂದು ಮುದ್ರಿಸಿತ್ತು. ಅದನ್ನು ಕಟ್ಟಿ ನಿಶ್ಚಿಂತನಾದ. ಮುಂದಿನ ತಿಂಗಳು ಹಿರಿಯರು ಕಿರ್ದಿಯ ಪಕ್ಕದಲ್ಲಿ ಕುಳಿತು ಲೆಕ್ಕ ಹಾಕಿದರು. ಉಳಿದ 57,000 ರೂಪಾಯಿಗೆ ತಿಂಗಳಿಗೆ ಶೇಕಡ 3.5ರಂತೆ 1,995 ರೂಪಾಯಿ ಬಡ್ಡಿ. ಅದರ ಮೇಲೆ ಶೇಕಡ 18ರ ತೆರಿಗೆ 359 ರೂಪಾಯಿ. ಒಟ್ಟು 2,354 ರೂಪಾಯಿ. ಗಳಿಸಿದ ಪಾಯಿಂಟುಗಳ ಬೆಲೆ 600 ರೂಪಾಯಿ. ಬಾಕಿ ಉಳಿದಿರುವಾಗ ಹೊಸದಾಗಿ ಕೊಂಡ ವಸ್ತುಗಳಿಗೆ ಬಡ್ಡಿಯಿಲ್ಲದ ಅವಧಿಯೂ ದೊರೆಯುವುದಿಲ್ಲ. ತಿಂಗಳಿಗೆ ಮೂರೂವರೆ ಎಂದರೆ ವರ್ಷಕ್ಕೆ ಶೇಕಡ 42. ಪೇಟೆಯಲ್ಲಿ ಇಷ್ಟು ಬಡ್ಡಿ ಹಿಡಿಯುವವನನ್ನು ಜನ ಏನೆನ್ನುತ್ತಾರೆಂಬುದು ಹಿರಿಯರಿಗೆ ತಿಳಿದಿತ್ತು.

ಪಾಯಿಂಟುಗಳ ಹಣ ಎಲ್ಲಿಂದ ಬರುತ್ತದೆಂಬುದನ್ನೂ ಅವರು ಆ ದಿನವೇ ಮಗನಿಗೆ ತೋರಿಸಿದರು. ಅವರ ಅಂಗಡಿಯಲ್ಲಿ ಗಿರಾಕಿಯೊಬ್ಬರು ಕ್ರೆಡಿಟ್ ಕಾರ್ಡಿನಿಂದ ನೂರು ರೂಪಾಯಿ ಕೊಟ್ಟರೆ ಸುಮಾರು ಎರಡು ರೂಪಾಯಿ ಕಳೆದು ಉಳಿದುದು ಅವರ ಖಾತೆಗೆ ಬರುತ್ತಿತ್ತು. ವ್ಯಾಪಾರಿ ಕೊಡುವ ಈ ಕಡಿತ, ಬಾಕಿ ಉಳಿಸಿಕೊಂಡವರು ತೆರುವ ಬಡ್ಡಿ ಇವುಗಳ ಒಂದು ಪಾಲೇ ಬಹುಮಾನದ ವೇಷದಲ್ಲಿ ತಿರುಗಿ ಬರುತ್ತದೆ. ವ್ಯಾಪಾರಿಯು ಆ ಕಡಿತವನ್ನು ಸರಕಿನ ಬೆಲೆಗೆ ಸೇರಿಸಿದರೆ, ರೋಖ ಕೊಟ್ಟು ಕೊಳ್ಳುವ ಬಡವನೂ ಅದನ್ನು ತೆರುತ್ತಾನೆ. ಮಗನಿಗೆ ದೊರೆತ ರೂಪಾಯಿ ಇನ್ನೊಬ್ಬ ಅಂಗಡಿಕಾರನ ಗಲ್ಲೆಯಿಂದ ಬಂದುದೆಂದು ತಿಳಿದಾಗ ಅವನ ಉತ್ಸಾಹ ತಗ್ಗಿತು. ಬಾಕಿಯನ್ನು ತಾಯಿಯ ಉಳಿತಾಯದಿಂದ ತೀರಿಸಿ, ಇನ್ನು ಅಗತ್ಯಕ್ಕಿಂತ ಹೆಚ್ಚು ಖರ್ಚು ಮಾಡುವುದಿಲ್ಲವೆಂದು ನಿಶ್ಚಯಿಸಿದ.

ಆದರೆ ಲೋಭವು ಮುಂಬಾಗಿಲು ಮುಚ್ಚಿದರೆ ಹಿತ್ತಿಲ ಬಾಗಿಲಿನಿಂದ ಬರುತ್ತದೆ. 2024ರ ಮಳೆಗಾಲಕ್ಕೆ ಮುಂಚೆ ಬಸದಿಯ ಮುಂಭಾಗದ ಚಪ್ಪರದ ತಗಡುಗಳನ್ನು ಬದಲಿಸಿ ವಿದ್ಯುತ್ ತಂತಿಗಳನ್ನು ಹೊಸದಾಗಿ ಹಾಕಿಸಬೇಕಾಯಿತು. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರಲ್ಲಿ ಸಾಮಾನಿನ ಬಿಲ್ಲು 1,60,000 ರೂಪಾಯಿ ಆಯಿತು. ಚೆಕ್ಕಿಗೆ ಟ್ರಸ್ಟಿನ ಇಬ್ಬರ ಸಹಿ ಬೇಕು. ಒಬ್ಬರು ಯಾತ್ರೆಗೆ ಹೋಗಿದ್ದರು. “ನನ್ನ ಕಾರ್ಡಿನಿಂದ ಕೊಡತೀನಿ, ಟ್ರಸ್ಟಿನ ಚೆಕ್ ಆಮ್ಯಾಲೆ ಬರಲಿ” ಎಂದು ಮಗ ಮುಂದೆ ಬಂದ. ಎಲ್ಲರೂ ಅವನ ಧರ್ಮಶ್ರದ್ಧೆಯನ್ನು ಮೆಚ್ಚಿದರು. ಎರಡು ವಾರಗಳಲ್ಲಿ ಟ್ರಸ್ಟು ಪೂರ್ಣ ಹಣವನ್ನು ಅವನಿಗೆ ಕೊಟ್ಟಿತು. ಅವನು ಕಾರ್ಡಿನ ಬಾಕಿಯನ್ನು ವೇಳೆಗೆ ಸರಿಯಾಗಿ ತೀರಿಸಿದ. ತನ್ನದಾಗಿ ಒಂದು ರೂಪಾಯಿಯನ್ನೂ ಹೆಚ್ಚು ಖರ್ಚು ಮಾಡದೆ ವರ್ಷದ 4,00,000 ಮುಟ್ಟಿತು. 1,600 ರೂಪಾಯಿಯ ಪಾಯಿಂಟುಗಳೂ 5,000 ರೂಪಾಯಿಯ ಚೀಟಿಯೂ ಬಂದವು. ಆ 6,600 ರೂಪಾಯಿಗೆ ಮನೆಗೆ ಹೊಸದೊಂದು ಮಿಕ್ಸರ್ ಬಂದಿತು.

ಕೆಲವು ದಿನಗಳ ಬಳಿಕ ಹಿರಿಯರು ಬಸದಿಯ ಕಿರ್ದಿಗೆ ಬಿಲ್ಲನ್ನು ಏರಿಸುತ್ತಿದ್ದರು. ಮಿಕ್ಸರ್ ಹೇಗೆ ಬಂದಿತೆಂದು ಸೊಸೆಯಿಂದ ಕೇಳಿ ತಿಳಿದಿದ್ದರು. ಬರೆಯುತ್ತಿದ್ದ ಲೇಖನಿಯನ್ನು ಕೆಳಗಿಟ್ಟು ಮಗನನ್ನು ಕರೆದರು. “ಈ ಪಾಯಿಂಟು ಯಾರ್ವು, ತಮ್ಮಾ?” ಎಂದರು. ಬ್ಯಾಂಕು ಕಾರ್ಡಿನ ಒಡೆಯನಿಗೆ ಕೊಟ್ಟದ್ದು, ಬಸದಿಗೆ ಒಂದು ಪೈಸೆಯೂ ನಷ್ಟವಿಲ್ಲ ಎಂದು ಮಗ ಉತ್ತರಿಸಿದ. ಹಿರಿಯರು ಮಾತನಾಡದೆ ಆ ವ್ಯಾಪಾರಿಗೆ ದೂರವಾಣಿ ಮಾಡಿ, ಚೆಕ್ ಕೊಟ್ಟಿದ್ದರೆ ಬೆಲೆ ಎಷ್ಟಾಗುತ್ತಿತ್ತೆಂದು ಕೇಳಿದರು. ಶೇಕಡ ಎರಡು ಬಿಡುತ್ತಿದ್ದೆ, ಕಾರ್ಡಿನಿಂದ ಕೊಟ್ಟಿದ್ದರಿಂದ ಬಿಡಲಾಗಲಿಲ್ಲ ಎಂಬ ಉತ್ತರ ಬಂದಿತು. 1,60,000ಕ್ಕೆ ಶೇಕಡ ಎರಡೆಂದರೆ 3,200 ರೂಪಾಯಿ. ಬಸದಿ ಅಷ್ಟನ್ನು ಕಳೆದುಕೊಂಡಿತ್ತು; ಮಗ ಅದರ ಎರಡು ಪಟ್ಟು ಗಳಿಸಿದ್ದ.

ಮಗನಲ್ಲಿ ಕಳ್ಳತನದ ಬುದ್ಧಿಯಿರಲಿಲ್ಲ. ಅವನು ಸಹಾಯ ಮಾಡಲೆಂದೇ ಹೊರಟಿದ್ದ. ಆದರೂ ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ, ಅಂದರೆ ಅದತ್ತಾದಾನವೇ ಚೌರ್ಯವೆಂದು ಉಮಾಸ್ವಾತಿ ಆಚಾರ್ಯರ ‘ತತ್ತ್ವಾರ್ಥಸೂತ್ರ’ ತಿಳಿಸುತ್ತದೆ. ಭಕ್ತರು ಹುಂಡಿಯಲ್ಲಿ ಹಾಕಿದ ಹಣ ಜಿನಮಂದಿರದ ಕಾರ್ಯಕ್ಕಾಗಿ. ಆ ಹಣ ಚಲಿಸುವಾಗ ಹುಟ್ಟಿದ ಲಾಭವನ್ನು ಯಾರೂ ಖಜಾಂಚಿಯ ಮಗನಿಗೆ ಕೊಟ್ಟಿರಲಿಲ್ಲ. ಪಾಯಿಂಟುಗಳು ತನ್ನವೇ ಎಂಬುದು ಅಷ್ಟು ನಿಶ್ಚಿತವಾಗಿದ್ದರೆ, ಕಾರ್ಡು ತೆಗೆಯುವ ಮೊದಲೇ ಸಭೆಗೆ ಅದನ್ನು ತಿಳಿಸಲು ಅವನಿಗೆ ಅಡ್ಡಿಯಿರಬಾರದಾಗಿತ್ತು. ‘ಮೊದಲೇ ಹೇಳುತ್ತಿದ್ದೆನೇ’ ಎಂದು ತಂದೆ ಕೇಳದಿದ್ದರೂ ಮಗ ತನ್ನನ್ನು ತಾನೇ ಕೇಳಿಕೊಂಡ. ಉತ್ತರ ಅವನಿಗೆ ತಿಳಿದಿತ್ತು.

ಅಡುಗೆಮನೆಯಲ್ಲಿದ್ದ ತಾಯಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ಮಿಕ್ಸರನ್ನು ತೊಳೆದು, ಒರೆಸಿ, ಅಟ್ಟದ ಮೇಲಿಟ್ಟರು. ಆ ದಿನ ಚಟ್ನಿಯನ್ನು ಒಳಕಲ್ಲಿನಲ್ಲಿ ಅರೆದರು.

ಮುಂದಿನ ಸಭೆಯಲ್ಲಿ ಮಗನೇ ಎದ್ದು ನಿಂತು ವಿಷಯವನ್ನು ತಿಳಿಸಿದ. ಒಬ್ಬ ಸದಸ್ಯರು ಇಷ್ಟು ಸೂಕ್ಷ್ಮವಾಗಿ ನೋಡಿದರೆ ಸೇವೆಗೆ ಯಾರೂ ಮುಂದೆ ಬರುವುದಿಲ್ಲವೆಂದರು. ಆ ಮಾತಿನಲ್ಲಿಯೂ ಸತ್ಯಾಂಶವಿತ್ತು. ಸಮಯಕ್ಕೆ ಹಣ ಹೊಂದಿಸಿದವನನ್ನು ಅಪರಾಧಿಯಂತೆ ನಿಲ್ಲಿಸುವುದು ಯಾರ ಉದ್ದೇಶವೂ ಆಗಿರಲಿಲ್ಲ. ಆದರೆ ಮಗ 6,600 ರೂಪಾಯಿಯನ್ನು ಬಸದಿಯ ಖಾತೆಗೆ ತುಂಬಿ ಪಾವತಿ ಪಡೆದ. ಬೆಲೆ ವಿಚಾರಿಸದೆ ಬಿಲ್ಲನ್ನು ಒಪ್ಪಿದುದು ಖಜಾಂಚಿಯ ಪ್ರಮಾದವೆಂದು ಹಿರಿಯರು ಬೇರೆಯಾಗಿ 3,200 ರೂಪಾಯಿ ಕೊಟ್ಟರು. ಸಭೆಯು ಮೂರು ನಿಯಮಗಳನ್ನು ಬರೆದಿಟ್ಟಿತು. ಬಸದಿಯ ಖರ್ಚು ಬಸದಿಯ ಖಾತೆಯಿಂದಲೇ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಆಗಬೇಕು. ಯಾವುದೇ ಖರೀದಿಗೆ ಮುನ್ನ ಚೆಕ್ಕಿನ ಬೆಲೆಯನ್ನು ವಿಚಾರಿಸಬೇಕು. ತುರ್ತಿನಲ್ಲಿ ಯಾರಾದರೂ ಸ್ವಂತ ಕಾರ್ಡು ಬಳಸಿದರೆ ಅದರಿಂದ ಬಂದ ಲಾಭವನ್ನು ಬೆಲೆಕಟ್ಟಿ ಬಸದಿಗೆ ಜಮಾ ಮಾಡಬೇಕು. ಪಾವತಿಯ ಕಾಗದ ಮನೆಗೆ ಬಂದ ಮೇಲೆ ತಾಯಿ ಮಿಕ್ಸರನ್ನು ಅಟ್ಟದಿಂದ ಇಳಿಸಿದರು.

ಈ ಪ್ರಸಂಗಕ್ಕೆ ಇನ್ನೊಂದು ಪರಿಣಾಮವೂ ಇತ್ತು. 2,00,000ದ ಮಿತಿಯಲ್ಲಿ 1,60,000, ಅಂದರೆ ಶೇಕಡ 80ರಷ್ಟು ಒಮ್ಮೆಗೇ ಬಳಕೆಯಾದುದು ದಾಖಲೆಗೆ ಹೋಗಿತ್ತು. ಹಣ ತಡವಾಗದಿದ್ದರೂ ಅಂಕ 768ರಿಂದ 731ಕ್ಕೆ ಇಳಿದಿತ್ತು. ಬಳಕೆ ತಗ್ಗಿದಂತೆ ಮೂರ್ನಾಲ್ಕು ತಿಂಗಳಲ್ಲಿ ಅದು ಮೊದಲಿನಂತಾಯಿತು. ಆದರೆ ಆ ನಡುವೆ ಮಗ ಮನೆಯ ಸಾಲಕ್ಕೆ ಅರ್ಜಿ ಹಾಕುವುದನ್ನು ಮುಂದೂಡಬೇಕಾಯಿತು. ಪಾಯಿಂಟಿನ ಬೆನ್ನುಹತ್ತಿ ಪತ್ತನ್ನು ಕುಗ್ಗಿಸಿಕೊಂಡಂತಾಗಿತ್ತು.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪರಿಗ್ರಹ ಪರಿಮಾಣ ವ್ರತದ ಐದು ಅತಿಚಾರಗಳನ್ನು ಹೇಳುತ್ತಾರೆ. ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಎತ್ತನ್ನು ಅದರ ಶಕ್ತಿ ಮೀರಿ ಓಡಿಸುವುದು ಒಂದು ದೋಷ, ಅದರ ಮೇಲೆ ಮಿತಿಮೀರಿದ ಭಾರ ಹೇರುವುದು ಇನ್ನೊಂದು. ಇಂದಿನ ಮನೆಗಳಲ್ಲಿ ಎತ್ತುಗಳಿಲ್ಲ. ಆದರೆ ಮುಂದಿನ ತಿಂಗಳ ಸಂಬಳವಿದೆ. ಇನ್ನೂ ಕೈಗೆ ಬಾರದ ಆ ಗಳಿಕೆಯ ಮೇಲೆ ಇಂದೇ ಭಾರ ಹೇರುವುದೂ ಅತಿಭಾರವಹನವೇ. ಬೇರೊಬ್ಬರ ವೈಭವವನ್ನು ಕಂಡು ಬೆರಗಾಗಿ ತನ್ನ ಅಳತೆಯನ್ನು ಮರೆಯುವ ಅತಿವಿಸ್ಮಯವು ಪ್ರತಿ ರಿಯಾಯಿತಿ ಮಾರಾಟದಲ್ಲಿಯೂ ಕಾಣುತ್ತದೆ.

ಬ್ಯಾಂಕು ಕಾರ್ಡಿನ ಮೇಲೆ ಹಾಕುವ ಮಿತಿಯು, ಈ ಮನುಷ್ಯನಿಂದ ಎಷ್ಟನ್ನು ವಸೂಲು ಮಾಡಬಹುದೆಂಬ ಬ್ಯಾಂಕಿನ ಅಂದಾಜು. ಶ್ರಾವಕನಿಗೆ ಎಷ್ಟು ಸಾಕು ಎಂಬುದನ್ನು ಅದು ಹೇಳಲಾರದು. ಆ ಅಳತೆಯನ್ನು ಅವನೇ ಹಾಕಿಕೊಳ್ಳಬೇಕು. ಪರಿಮಾಣ ವ್ರತವೆಂದರೆ ಇದೇ. ಹಾಗೆ ಹಾಕಿಕೊಂಡವನಿಗೆ ಕಾರ್ಡು ಒಂದು ಉಪಕರಣ ಮಾತ್ರ. ಅವನ ಪತ್ತು ತಾನಾಗಿ ಬೆಳೆಯುತ್ತದೆ. ಹೇಗೂ ಮಾಡಬೇಕಾದ ವೆಚ್ಚಕ್ಕೆ ಬಂದ ನಾಲ್ಕು ಪಾಯಿಂಟುಗಳು ಅವನನ್ನು ಕೆಡಿಸಲಾರವು. ಅಳತೆಯಿಲ್ಲದವನಿಗೆ ಮಾತ್ರ ಕಾರ್ಡೇ ಒಡೆಯನಾಗುತ್ತದೆ. ಸಾಲದ ದಾಖಲೆಗಾಗಿಯೇ ನಾಲ್ಕಾರು ಕಾರ್ಡು ಹೊಂದುವ ಅಗತ್ಯವೂ ಇಲ್ಲ. ಮಿತವಾಗಿ ಬಳಸಿ ವೇಳೆಗೆ ತೀರಿಸಿದ ಒಂದು ಹಳೆಯ ಕಾರ್ಡು ಸಾಕು.

2025ರಲ್ಲಿ ಮಗನ ಮನೆಯ ಸಾಲ ಮಂಜೂರಾಯಿತು. ಆ ವರ್ಷದ ದೀಪಾವಳಿಯ ಅಮಾವಾಸ್ಯೆಯಂದು ಮಹಾವೀರ ಸ್ವಾಮಿಯ ನಿರ್ವಾಣ ಪೂಜೆ ಮುಗಿಸಿ ಬಂದ ಕುಟುಂಬ, ಪಾಡ್ಯದ ದಿನ ಅಂಗಡಿಯ ಹೊಸ ಕಿರ್ದಿಯನ್ನು ತೆರೆಯಿತು. ಹಿರಿಯರು ಮೊದಲ ಪುಟದಲ್ಲಿ ಎಂದಿನಂತೆ ಜಿನನಾಮ ಬರೆದು ಪುಸ್ತಕವನ್ನು ಮಗನ ಮುಂದೆ ಸರಿಸಿದರು. ಅವನು ಅದರ ಕೆಳಗೆ ಎರಡು ಸಾಲು ಬರೆದ: ಕಾರ್ಡಿನ ಮಿತಿ 2,00,000, ಮನೆಯ ಮಿತಿ ತಿಂಗಳಿಗೆ 30,000. ಹಿರಿಯರು ಕನ್ನಡಕ ಏರಿಸಿ ಎರಡನ್ನೂ ಓದಿ, ಎರಡನೆಯ ಸಾಲಿನ ಕೆಳಗೆ ಒಂದು ಗೆರೆ ಎಳೆದರು.